ಸಂಪಾದಕರ ಉತ್ತರ: ಮರ್ನಿಸ್ಸಿ ಯಾರಿಗಾಗಿ ಬರೆದರು?

ಶಿವಮೊಗ್ಗದ ಓದುಗರೊಬ್ಬರು ಹೋದ ಸಂಚಿಕೆಯಲ್ಲಿ ಬಂದ ಫಾತಿಮಾ ಮರ್ನಿಸ್ಸಿ ಲೇಖನ ಓದಿ ಬೇಸರದಿಂದ ಬರೆದಿದ್ದಾರೆ. 'ಮೊರಾಕ್ಕೊದ ಈ ಸಮಾಜಶಾಸ್ತ್ರಜ್ಞೆ ಓದಿದ್ದು ಪ್ಯಾರಿಸ್‌ನಲ್ಲಿ, ಅಮೆರಿಕದಲ್ಲಿ. ಬರೆದಿದ್ದು ಫ್ರೆಂಚ್, ಇಂಗ್ಲಿಷಿನಲ್ಲಿ. ಬಿಳಿಯರಿಗೆ ಹಿತವಾಗಲೆಂದು ತಮ್ಮವರನ್ನೇ ಬೈದವರಿಗೆ ನಾಲ್ಕು ಪುಟ ಯಾಕೆ?' ಎಂದು ಕೇಳಿದ್ದಾರೆ. ಓದಲೇಬೇಕೆಂದರೆ ಯಾವ ಪುಸ್ತಕ ಎಂದೂ ವಿಚಾರಿಸಿದ್ದಾರೆ.

ಸರ್, ನಿಮ್ಮ ಅನುಮಾನ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹಾಗೆ ಬರೆದು ಹೆಸರು ಮಾಡಿದವರು ಇದ್ದಾರೆ. ಆದರೆ ಮರ್ನಿಸ್ಸಿ ಆ ಸಾಲಿನವರಲ್ಲ. 1940ರಲ್ಲಿ ಫೆಜ್ ಪಟ್ಟಣದಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ಪಿಎಚ್‌ಡಿ ಮುಗಿಸಿ ಮೊರಾಕ್ಕೊದ ರಾಜಧಾನಿ ರಬಾತ್‌ಗೆ ವಾಪಸ್ ಬಂದು ಅಲ್ಲೇ ಪಾಠ ಮಾಡಿದರು. ಮನೆಗೆಲಸದವರು, ಹೊಲದಲ್ಲಿ ದುಡಿಯುವವರು, ಓದು ಬರಹ ಬಾರದ ಹೆಂಗಸರು ಹೇಳಿದ್ದನ್ನು ಕೂತು ಕೇಳಿ ಬರೆದುಕೊಂಡರು.

1987ರಲ್ಲಿ ಬಂದ ಅವರ ಒಂದು ಪುಸ್ತಕ ಕಿರಾಣಿ ಅಂಗಡಿಯಲ್ಲಿ ಶುರುವಾಗುತ್ತದೆ. ಮೊಟ್ಟೆ ಕೊಳ್ಳಲು ಹೋದಾಗ, 'ಹೆಂಗಸು ಮುಸ್ಲಿಮರ ನಾಯಕಿ ಆಗಬಹುದಾ?' ಎಂದು ಅಂಗಡಿಯವನನ್ನು ಕೇಳುತ್ತಾರೆ. ಪಾಪ, ಅವನ ಕೈಯಿಂದ ಮೊಟ್ಟೆ ಜಾರುವುದೊಂದು ಬಾಕಿ! ಆಲಿವ್ ಕೊಳ್ಳುತ್ತಿದ್ದವನೊಬ್ಬ ಉಗಿಯುವವನಂತೆ ಮುಖ ಮಾಡುತ್ತಾನೆ. ಅಲ್ಲೇ ಇದ್ದ ಮೇಷ್ಟ್ರೊಬ್ಬರು ಒಂದು ಹದೀಸ್ (ಪ್ರವಾದಿ ಮುಹಮ್ಮದರು ಹೇಳಿದ್ದೆಂದು ದಾಖಲಾದ ಮಾತು) ಹೇಳುತ್ತಾರೆ: ಹೆಣ್ಣಿನ ಕೈಗೆ ಆಡಳಿತ ಕೊಟ್ಟ ಜನ ಏಳಿಗೆ ಕಾಣುವುದಿಲ್ಲ. ಎಲ್ಲರೂ ಗಪ್‌ಚುಪ್. ಮರ್ನಿಸ್ಸಿಯವರಿಗೂ ಆಗ ಉತ್ತರ ಹೊಳೆಯುವುದಿಲ್ಲ.

ಬಿಳಿಯರನ್ನು ಮೆಚ್ಚಿಸುವವರಾಗಿದ್ದರೆ ಅಂಗಡಿಯವನನ್ನು ಗೇಲಿ ಮಾಡಿ ಮುಗಿಸುತ್ತಿದ್ದರು. ಇವರು ಹೋಗಿ ಹಳೆಯ ಅರಬ್ಬಿ ಗ್ರಂಥಗಳನ್ನು ಹರಡಿಕೊಂಡು ಕೂತರು. ಈ ಮಾತನ್ನು ಪ್ರವಾದಿಯವರಿಂದ ಕೇಳಿದ್ದೆ ಎಂದವರು ಅಬೂ ಬಕ್ರಾ (ಖಲೀಫ ಅಬೂಬಕರ್ ಅಲ್ಲ, ಇವರು ಬೇರೆ). ಹೇಳಿದ್ದು ಯಾವಾಗ? ಕಾಲು ಶತಮಾನದ ಮೇಲೆ. 656ರಲ್ಲಿ ಇರಾಕ್‌ನ ಬಸ್ರಾ ಬಳಿಯ ಒಂಟೆ ಕದನದಲ್ಲಿ, ಖಲೀಫ ಅಲಿಯ ವಿರುದ್ಧ ಸೇನೆ ಮುನ್ನಡೆಸಿದ್ದ ಪ್ರವಾದಿಯವರ ಪತ್ನಿ ಆಯಿಷಾ ಸೋತ ನಂತರ. ಇದೇ ಅಬೂ ಬಕ್ರಾ ಹಿಂದೊಮ್ಮೆ ಸುಳ್ಳು ಸಾಕ್ಷಿಯ ಆರೋಪಕ್ಕೆ ಖಲೀಫ ಉಮರ್ ಕಾಲದಲ್ಲಿ ಛಡಿಯೇಟು ತಿಂದಿದ್ದರು. ದಿನದ ವ್ಯವಹಾರದಲ್ಲಿ ಸುಳ್ಳಾಡುವವರಿಂದ ಹದೀಸ್ ತೆಗೆದುಕೊಳ್ಳಬೇಡಿ ಎಂದು ಎಂಟನೇ ಶತಮಾನದ ಧರ್ಮಶಾಸ್ತ್ರಜ್ಞ ಇಮಾಂ ಮಾಲಿಕ್ ಹೇಳಿದ್ದಾರಲ್ಲ, ಅದೇ ಅಳತೆಗೋಲು ಹಿಡಿದು ಮರ್ನಿಸ್ಸಿ ವಾದ ಹೂಡಿದರು. ಹದೀಸ್ ವಿದ್ವಾಂಸರು ಒಪ್ಪಲಿಲ್ಲ, ಆ ಮಾತು ಬೇರೆ. ಪುಸ್ತಕ ಮೊರಾಕ್ಕೊದಲ್ಲಿ ನಿಷೇಧವೂ ಆಯಿತು. ಆದರೆ ಈ ಜಗಳ ಮನೆಯೊಳಗಿನದು, ಅಲ್ವಾ?

ಪಶ್ಚಿಮಕ್ಕೂ ಅವರು ರಿಯಾಯಿತಿ ಕೊಟ್ಟಿಲ್ಲ. ಅಮೆರಿಕದ ಅಂಗಡಿಯೊಂದರಲ್ಲಿ ಲಂಗ ಕೇಳಿದಾಗ, ನಿಮ್ಮ ಸೊಂಟಕ್ಕೆ ನಮ್ಮಲ್ಲಿ ಅಳತೆಯಿಲ್ಲ ಎಂದಳಂತೆ ಅಂಗಡಿಯಾಕೆ. ಆಗ ಅವರಿಗನಿಸಿದ್ದು, 6ನೇ ಸೈಜೇ (ತೆಳ್ಳಗಿನವರ ಉಡುಪಿನ ಅಳತೆ) ಇಲ್ಲಿನ ಹೆಂಗಸರ ಜನಾನ ಎಂದು. ನಮ್ಮಲ್ಲಿ ಗೋಡೆ ಕಟ್ಟಿ ಕೂಡಿಹಾಕುತ್ತಾರೆ, ಇಲ್ಲಿ ವಯಸ್ಸು, ತೂಕ ತೋರಿಸಿ ಹೆದರಿಸುತ್ತಾರೆ ಎನ್ನುವುದು ಅವರ ವಾದ.

ಅವರು ಹೇಳಿದ್ದೆಲ್ಲ ನನಗೂ ಒಪ್ಪಿಗೆಯಿಲ್ಲ. ಪ್ರವಾದಿಯವರ ಕಾಲದ ಮದೀನಾದ ಮೊದಲ ದಿನಗಳನ್ನು ಸ್ವಲ್ಪ ಜಾಸ್ತಿಯೇ ಚಂದ ಮಾಡಿ ತೋರಿಸುತ್ತಾರೆ. ಎಲ್ಲ ತಪ್ಪೂ ಆಮೇಲೆ ಬಂದ ಅರಸರದ್ದು ಎಂಬಂತೆ ಬರೆಯುತ್ತಾರೆ. ಚರಿತ್ರೆ ಅಷ್ಟು ಸಲೀಸಲ್ಲ.

ಯಾವ ಪುಸ್ತಕ ಎಂದಿರಿ. ಇಸ್ಲಾಮಿನ ಮರೆತ ರಾಣಿಯರ ಕುರಿತದ್ದು ಹಿಡಿಯಿರಿ, ಇಂಗ್ಲಿಷಿನಲ್ಲಿದೆ. 1988ರಲ್ಲಿ ಪಾಕಿಸ್ತಾನದ ಚುನಾವಣೆಯಲ್ಲಿ ಬೆನಜೀರ್ ಭುಟ್ಟೊ ಗೆದ್ದಾಗ, ಮುಸ್ಲಿಂ ರಾಜ್ಯವನ್ನು ಹೆಂಗಸು ಆಳಿದ್ದೇ ಇಲ್ಲ ಎಂದು ವಿರೋಧಿಗಳು ಕೂಗಿದರು. ಅದಕ್ಕೆ ಉತ್ತರವಾಗಿ ಬಂದ ಪುಸ್ತಕ ಇದು. ಯೆಮನ್‌ನ ರಾಣಿಯರ ಜೊತೆ ನಮ್ಮ ದಿಲ್ಲಿಯ ರಜಿಯಾ ಕೂಡ ಸಿಗುತ್ತಾಳೆ. ಓದಿ ಮತ್ತೆ ಬರೆಯಿರಿ. ಜಗಳ ಆಡುವುದಿದ್ದರೂ ಸರಿ, ಅಚ್ಚು ಹಾಕುತ್ತೇವೆ.