ಪಿಟಿಸಿ ಕಾಗದ ತರಿಸಬೇಡಿ, ಮಗನ ಮಾತು ನಂಬಿ

ಮಗ ಹಾಗಲಕಾಯಿ ಮುಟ್ಟಲ್ಲ, ನಿಜವಾಗ್ಲೂ ಕಹಿ ಜಾಸ್ತಿ ಅನ್ನಿಸುತ್ತಾ ಅಥವಾ ಬರೀ ಹಟವಾ ಅಂತ ಪಿಟಿಸಿ ಕಾಗದ (ಪಿಟಿಸಿ ಅನ್ನೋ ರಾಸಾಯನಿಕ ಹಚ್ಚಿದ ಕಾಗದ, ಕೆಲವರಿಗೆ ಕಹಿ, ಕೆಲವರಿಗೆ ಸಪ್ಪೆ) ತರಿಸಿ ನೋಡ್ಲಾ ಅಂತ ಕೇಳಿದ್ದೀರಿ. ಬೇಡ. ನಮ್ಮ ಮನೆಯಲ್ಲಿ ಇದೇ ಆಗಿದೆ.

ನಾವು ವಿಜಯಪುರದವರು. ಬಿಎಸ್ಸಿ ಓದುವಾಗ ಲ್ಯಾಬಿನಲ್ಲಿ ಆ ಕಾಗದದ ಚೂರು ನಾಲಿಗೆ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದವಳು ಥೂ ಅಂತ ನಲ್ಲಿ ಹತ್ತಿರ ಓಡಿದಳು. ನನಗೆ ಬರೀ ಕಾಗದದ ರುಚಿ. ಮುಂದೆ ಮಗಳು ಹಾಗಲಕಾಯಿ ಪಲ್ಯ ಉಗುಳೋಕೆ ಶುರು ಮಾಡಿದಾಗ ಅದೇ ಕಾಗದ ತರಿಸಿ ಅವಳಿಗೂ ಕೊಟ್ಟೆ. ಏನೂ ಇಲ್ಲಮ್ಮ, ಸಪ್ಪೆ ಅಂದಳು. ಹಾಗಾದರೆ ಇದು ಹಟವೇ ಅಂತ ತೀರ್ಮಾನಿಸಿದೆ. ಪಲ್ಯವನ್ನ ಜೋಳದ ರೊಟ್ಟಿಯಲ್ಲಿ ಸುತ್ತಿ ಕೈಗೆ ಕೊಟ್ಟು, ಮುಗಿಸೋತನಕ ಏಳಬೇಡ ಅಂತ ಕೂರಿಸುತ್ತಿದ್ದೆ.

ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ, ಯಾಕೆಂದರೆ ತುಂಬಾ ಜನ ಇಲ್ಲೇ ಎಡವುತ್ತಾರೆ. ಆ ಕಾಗದ ಪರೀಕ್ಷಿಸೋದು ಟಿಎಎಸ್2ಆರ್38 ಅನ್ನೋ ಒಂದೇ ಗ್ರಾಹಕವನ್ನ, ಅಂದರೆ ನಾಲಿಗೆಯಲ್ಲಿ ಕಹಿಯನ್ನ ಗುರುತಿಸೋ ಒಂದು ಪ್ರೋಟೀನನ್ನ. ಅದರ ಜೀನ್ 7ನೇ ಕ್ರೋಮೋಸೋಮಿನಲ್ಲಿದೆ. ಆ ಗ್ರಾಹಕದ ಮೂರು ಕಡೆ ಅಮೈನೋ ಆಮ್ಲ ಬೇರೆಯಾದರೆ ಅದಕ್ಕೆ ಪಿಟಿಸಿ ಗೊತ್ತೇ ಆಗಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಅಂಥದೇ ಬಂದಿದ್ದರೆ ಕಾಗದ ಸಪ್ಪೆ. ಸರಿ. ಆದರೆ ಮನುಷ್ಯರಲ್ಲಿ ಕಹಿಯ ಗ್ರಾಹಕ ಸುಮಾರು 25 ಬಗೆ ಇವೆ! ಈ ಟಿಎಎಸ್2ಆರ್38 ಹಿಡಿಯೋದು ಪಿಟಿಸಿಯನ್ನ, ಎಲೆಕೋಸಿನ ಜಾತಿಯ ಕೆಲವು ಗಂಧಕದ ವಸ್ತುಗಳನ್ನ. ಹಾಗಲಕಾಯಿಯ ಕಹಿಯೇ ಬೇರೆ. ಕಾಗದ ಸಪ್ಪೆ ಅಂದ ನಾಲಿಗೆಗೆ ಹಾಗಲ ಕಹಿಯೇ ಇರುತ್ತದೆ. ಯುಗಾದಿಗೆ ಬೇವು ಕುಡಿಯುವಾಗ ನನ್ನ ಮುಖವೂ ಕಿವುಚುತ್ತಿತ್ತು, ಅಷ್ಟು ಸಾಕಿತ್ತು ತಿಳ್ಕೊಳ್ಳೋಕೆ.

ಆಗಿದ್ದೇನು? ಮಗಳು ಇಷ್ಟಪಟ್ಟು ತಿನ್ನುತ್ತಿದ್ದ ಮೆಂತ್ಯ ಪಲ್ಯವನ್ನೂ ಬಿಟ್ಟಳು. ತಟ್ಟೆಯಲ್ಲಿ ಹಸಿರು ಕಂಡರೆ ಸಾಕು, ಸರಿಸುತ್ತಿದ್ದಳು. ಅದು ಸರಿಹೋಗಲು ವರ್ಷಗಳೇ ಬೇಕಾದವು.

ಹಟವೋ ಕಹಿಯೋ ಅನ್ನೋ ಪ್ರಶ್ನೆಯನ್ನೇ ಬಿಡಿ. ಗಿಡಗಳ ವಿಷಗಳಲ್ಲಿ ಎಷ್ಟೋ ಕಹಿಯಾಗಿರುತ್ತವೆ. ಅವನ್ನ ಉಗುಳಿಸೋಕೆಂದೇ ಈ ಗ್ರಾಹಕಗಳಿರೋದು. ಮಗು ಉಗುಳಿದರೆ ಅದರ ನಾಲಿಗೆ ಸರಿಯಾಗಿ ಕೆಲಸ ಮಾಡ್ತಿದೆ. ಜೀನ್ ಟೆಸ್ಟಿಗಂತೂ ಒಂದು ರೂಪಾಯಿ ಹಾಕಬೇಡಿ.

ಹಾಗಲಕಾಯಿ ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಅರ್ಧ ಗಂಟೆ ಇಟ್ಟು ಗಟ್ಟಿಯಾಗಿ ಹಿಂಡಿ. ನೀರಿನ ಜೊತೆ ಕಹಿಯೂ ಒಂದಷ್ಟು ಹೋಗುತ್ತದೆ. ಉಳಿದ ಉಪ್ಪಿನಿಂದ ನಾಲಿಗೆಗೆ ಕಹಿ ಕಮ್ಮಿ ಅನ್ನಿಸುತ್ತದೆ. ಆಮೇಲೆ ಹುಣಸೆಹುಳಿ, ಬೆಲ್ಲ, ಗುರೆಳ್ಳು ಪುಡಿ ಹಾಕಿ ಮಾಡಿ. ಒಂದು ತುಣುಕು ಮಾತ್ರ ಬಡಿಸಿ. ಆದರೂ ಒಲ್ಲೆ ಅಂದರೆ ಅವತ್ತಿಗೆ ಹೀರೆಕಾಯಿ ಪಲ್ಯ ಮಾಡಿಕೊಡಿ.