ಹಿಮ್ಮಡಿ ಮೂಳೆ ಒಡೆದಿದೆ, ಆಪರೇಷನ್ ತಡ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ 46 ವರ್ಷ. ಐದು ದಿನದ ಹಿಂದೆ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಜಾರಿ ಬಿದ್ದರು. ಬಲಗಾಲಿನ ಹಿಮ್ಮಡಿ ಮೂಳೆ ಚೂರಾಗಿದೆ. ಪ್ಲೇಟ್ ಹಾಕಬೇಕು, ಆದರೆ ಇನ್ನೊಂದು ವಾರ ಕಾಯಿರಿ ಎಂದು ಮನೆಗೆ ಕಳಿಸಿದ್ದಾರೆ. ಅಷ್ಟರಲ್ಲಿ ಮೂಳೆ ಸೊಟ್ಟಗೆ ಕೂಡಿಕೊಳ್ಳೋದಿಲ್ವಾ? ನಾಟಿ ಕಟ್ಟು ಹಾಕಿಸಿ ಅಂತ ಊರವರು ಹೇಳುತ್ತಿದ್ದಾರೆ.
– ಓದುಗರೊಬ್ಬರು, ಸಾಗರ

ಉತ್ತರ: ಅಮ್ಮಾ, ಕಾಯಿರಿ ಅಂದಿದ್ದು ಸರಿಯಾಗಿಯೇ ಇದೆ. ಹಿಮ್ಮಡಿಯ ಹೊರಮಗ್ಗುಲಲ್ಲಿ ಚರ್ಮ ತುಂಬಾ ತೆಳು, ಅದರಡಿ ಮಾಂಸವೂ ಇಲ್ಲ. ಊದಿಕೊಂಡಾಗ ಕೊಯ್ದರೆ ಹೊಲಿಗೆ ಬಿಟ್ಟುಕೊಂಡು ಕೀವಾಗಬಹುದು. ಇಂಥ ಕಾಲು ಬಂದರೆ ನಾನು ದಿನಾ ಬೆಳಿಗ್ಗೆ ಮೊದಲು ನೋಡುವುದು ಚರ್ಮವನ್ನೇ. ಪಾದವನ್ನು ಮೆಲ್ಲಗೆ ಮೇಲಕ್ಕೆತ್ತಿ ಹೊರಕ್ಕೆ ತಿರುಗಿಸಿದಾಗ ಅಲ್ಲಿ ಸಣ್ಣ ಸುಕ್ಕುಗಳು ಬೀಳಬೇಕು. ಬಿಗಿದು ಮಿರುಗುತ್ತಿದ್ದರೆ ಅವತ್ತು ಆಪರೇಷನ್ ಇಲ್ಲ. ಸಾಮಾನ್ಯವಾಗಿ 7ರಿಂದ 14 ದಿನ ಬೇಕು. ಮೂರು ವಾರ ದಾಟಿದರೆ ಮಾತ್ರ ಚೂರುಗಳು ಅಂಟಿಕೊಂಡು ಜೋಡಿಸುವುದು ಕಷ್ಟ.

ಅಲ್ಲಿಯವರೆಗೆ ಕಾಲನ್ನು ಎರಡು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಡಿ, ಬೆರಳು ಆಡಿಸುತ್ತಿರಲಿ. ನಾಟಿ ಕಟ್ಟು ದಯವಿಟ್ಟು ಬೇಡ. ಊದಿದ ಕಾಲಿಗೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟವೇ ನಿಲ್ಲಬಹುದು. ಬೀಡಿ ಸೇದುತ್ತಾರಾ? ಕವಳಕ್ಕೆ ಹೊಗೆಸೊಪ್ಪು ಹಾಕುತ್ತಾರಾ? ಇವತ್ತೇ ಬಿಡಿಸಿ. ಗಾಯ ಮಾಯದಿರಲು ಅದೂ ಒಂದು ದೊಡ್ಡ ಕಾರಣ. ಶುಗರ್ ಇದ್ದರೂ ಹೇಳಿಬಿಡಿ.

ಇನ್ನೊಂದು ಮಾತು. ಎಲ್ಲ ಹಿಮ್ಮಡಿಗೂ ಆಪರೇಷನ್ ಬೇಕೇ ಬೇಕು ಅಂತೇನಿಲ್ಲ. 2014ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ನಂತರ ನೋವು, ನಡಿಗೆ ಆಪರೇಷನ್ ಆದವರು, ಆಗದವರು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ತೊಂದರೆಗಳು ಆಪರೇಷನ್ ಆದವರಲ್ಲೇ ಜಾಸ್ತಿ. ಆದರೆ ಹಿಮ್ಮಡಿಯ ಆಕಾರವೇ ತೀರಾ ಕೆಟ್ಟಿದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಹಾಗಾಗಿ ಸಿ.ಟಿ. ಸ್ಕ್ಯಾನ್ ತೋರಿಸಿ, ಕೀಲು ಎಷ್ಟು ಕುಸಿದಿದೆ, ಹಿಮ್ಮಡಿ ಎಷ್ಟು ಅಗಲವಾಗಿದೆ ಎಂದು ಕೇಳಿ. ಸಣ್ಣ ಗಾಯದಲ್ಲೇ ಮಾಡಲು ಆಗುತ್ತದಾ ಅಂತಲೂ ಕೇಳಿ.

ಪ್ಲೇಟ್ ಹಾಕಿದರೂ 8ರಿಂದ 12 ವಾರ ಆ ಕಾಲಿನ ಮೇಲೆ ಭಾರ ಬಿಡುವಂತಿಲ್ಲ. ಏರುತಗ್ಗಿನ ತೋಟದಲ್ಲಿ ಪಾದ ಮೊದಲಿನಂತೆ ಹೊರಳದೇ ಇರಬಹುದು. ಈ ವರ್ಷ ಕೊನೆ ತೆಗೆಯಲು ಬೇರೆಯವರನ್ನು ಗೊತ್ತುಮಾಡಿಕೊಳ್ಳಿ.

ಕೊನೆಯದಾಗಿ, ಅವರಿಗೆ ಬೆನ್ನು, ಸೊಂಟ ನೋಯುತ್ತಿದೆಯಾ? ಎತ್ತರದಿಂದ ಹಿಮ್ಮಡಿ ಊರಿ ಬಿದ್ದವರಲ್ಲಿ ಕೆಲವರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಕಾಲುನೋವಿನಲ್ಲಿ ಅದು ಗಮನಕ್ಕೇ ಬರುವುದಿಲ್ಲ. ನೋವಿದ್ದರೆ ಒಂದು ವಾರ ಕಾಯಬೇಡಿ, ನಾಳೆಯೇ ಎಕ್ಸ್‌ರೇ ತೆಗೆಸಿ.