ಇಂಗ್ಲೆಂಡಿನಲ್ಲಿ ರಿಯಾಯಿತಿಗೆ ಕೊಂಡ ಕೌನ್ಸಿಲ್ ಮನೆಯನ್ನು ಎರಡು ವರ್ಷಕ್ಕೇ ಮಾರಿದರೆ ಎಷ್ಟು ವಾಪಸ್ ಕೊಡಬೇಕು?

ನೀವು ಕೇಳಿರುವುದು ಇಷ್ಟು: ರೈಟ್ ಟು ಬೈ ಯೋಜನೆಯಲ್ಲಿ (ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಬಾಡಿಗೆಗೆ ಕೊಟ್ಟ ಮನೆಯನ್ನು ಬಾಡಿಗೆದಾರರೇ ರಿಯಾಯಿತಿಗೆ ಕೊಳ್ಳುವ ಯೋಜನೆ) ಕೌನ್ಸಿಲ್ ಮನೆ ಕೊಂಡಿದ್ದೀರಿ, ಇನ್ನೆರಡು ತಿಂಗಳಿಗೆ ಎರಡು ವರ್ಷ ತುಂಬುತ್ತದೆ, ಕೆಲಸದ ಸಲುವಾಗಿ ಬೇರೆ ಊರಿಗೆ ಹೋಗಬೇಕು. ಮನೆ ಮಾರಬಹುದೇ, ರಿಯಾಯಿತಿ ಪೂರ್ತಿ ಹಿಂದಿರುಗಿಸಬೇಕೇ, ತಪ್ಪಿಸಿಕೊಳ್ಳಲು ದಾರಿ ಉಂಟೇ?

ಮಾರಬಹುದು. ನಮ್ಮ ಬಿಡಿಎ ಸೈಟಿಗೆ ಹತ್ತು ವರ್ಷ ಪರಭಾರೆ ಮಾಡಬಾರದು ಅನ್ನುತ್ತಾರಲ್ಲ, ಆ ಥರದ ತಡೆ ಇಲ್ಲಿಲ್ಲ. ಕೊಂಡ ಮಾರನೇ ದಿನವೇ ಬೇಕಾದರೂ ಮಾರಿ, ಆದರೆ ಲೆಕ್ಕ ಚುಕ್ತಾ ಮಾಡಿ ಹೋಗಬೇಕು. ಐದು ವರ್ಷದೊಳಗೆ ಮಾರಿದರೆ ರಿಯಾಯಿತಿಯ ಒಂದು ಪಾಲು ಕೌನ್ಸಿಲ್‌ಗೆ ಹೋಗುತ್ತದೆ. ಮೊದಲ ವರ್ಷ ಪೂರ್ತಿ, ಎರಡನೇ ವರ್ಷ ಶೇ. 80, ಮೂರನೇ ವರ್ಷ ಶೇ. 60, ಆಮೇಲೆ 40, ಕೊನೆಗೆ 20. ಐದು ತುಂಬಿದ ಮೇಲೆ ಏನೂ ಕೊಡಬೇಕಾಗಿಲ್ಲ. ಹಾಗಾಗಿ ನಿಮಗೆ ನನ್ನ ಮೊದಲ ಮಾತು, ಆ ಎರಡು ತಿಂಗಳು ಹೇಗಾದರೂ ದೂಡಿ.

ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ಮಿಡ್‌ಲ್ಯಾಂಡ್ಸ್‌ನ ಒಂದು ಊರಿನಲ್ಲಿ ನಮ್ಮ ಅತ್ತೆ 1998ರಿಂದ ಕೌನ್ಸಿಲ್ ಮನೆಯಲ್ಲಿ ಬಾಡಿಗೆಗಿದ್ದರು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ನಾವೂ ಅಲ್ಲೇ ಅವರ ಜೊತೆಗಿದ್ದೆವು. ಬಾಡಿಗೆದಾರರ ಜೊತೆ ಒಂದು ವರ್ಷದಿಂದ ವಾಸವಿರುವ ಮನೆಯವರು ಜಂಟಿಯಾಗಿ ಕೊಳ್ಳಬಹುದು, ಹಾಗಾಗಿ 2013ರ ಜುಲೈನಲ್ಲಿ ಮೂವರ ಹೆಸರಿನಲ್ಲಿ ಕೊಂಡೆವು. ಮನೆಯ ಮಾರುಕಟ್ಟೆ ಬೆಲೆ 1,50,000 ಪೌಂಡ್. ಹದಿನೈದು ವರ್ಷದ ಬಾಡಿಗೆಗೆ ಶೇ. 45 ರಿಯಾಯಿತಿ, ಅಂದರೆ 67,500. ನಾವು ಕೊಟ್ಟದ್ದು 82,500. ಕಟ್ಟಿದ ಬಾಡಿಗೆಯಲ್ಲಿ ಸ್ವಲ್ಪವಾದರೂ ವಾಪಸ್ ಬಂತು ಅಂತ ಅತ್ತೆ ಅವತ್ತು ಪಾಯಸ ಮಾಡಿದ್ದರು.

2015ರ ಹೊತ್ತಿಗೆ ಅವರ ಮಂಡಿ ಕೈಕೊಟ್ಟಿತು. ಸ್ನಾನದ ಮನೆ ಮಹಡಿಯಲ್ಲಿ, ದಿನಕ್ಕೆ ನಾಲ್ಕು ಸಲ ಮೆಟ್ಟಿಲು. ಮಾರಿ, ಒಂದೇ ಅಂತಸ್ತಿನ ಬಂಗಲೆ ನೋಡೋಣ ಅಂದುಕೊಂಡೆವು. ಏಪ್ರಿಲ್‌ನಲ್ಲಿ ಎಸ್ಟೇಟ್ ಏಜೆಂಟ್ ಬೋರ್ಡ್ ನೆಟ್ಟ, ಎರಡೇ ವಾರಕ್ಕೆ 1,90,000ಕ್ಕೆ ಗಿರಾಕಿ ಸಿಕ್ಕಿತು. ಆಗ ನಮ್ಮ ಸಾಲಿಸಿಟರ್, ಅಂದರೆ ಮನೆ ಕಾಗದಪತ್ರ ನೋಡುವ ವಕೀಲರು, ಫೋನ್ ಮಾಡಿ ಕೇಳಿದ್ದು: ಕೌನ್ಸಿಲ್‌ಗೆ ಮೊದಲು ಕೇಳಿದ್ದೀರಾ?

ಇದು ಬಹಳ ಜನಕ್ಕೆ ಗೊತ್ತಿಲ್ಲದ ಷರತ್ತು. ಕೊಂಡು ಹತ್ತು ವರ್ಷದೊಳಗೆ ಮಾರುವುದಾದರೆ ಮೊದಲು ಹಳೆಯ ಮಾಲೀಕರಿಗೇ, ಅಂದರೆ ಕೌನ್ಸಿಲ್‌ಗೆ, ಬರವಣಿಗೆಯಲ್ಲಿ ತಿಳಿಸಬೇಕು. ಅವರು ತಾವೇ ಕೊಳ್ಳಬಹುದು, ಇಲ್ಲವೇ ಅದೇ ಊರಿನ ಹೌಸಿಂಗ್ ಅಸೋಸಿಯೇಷನ್‌ಗೆ (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ತೋರಿಸಬಹುದು. ಕೊಂಡರೆ ಪೂರ್ತಿ ಮಾರುಕಟ್ಟೆ ಬೆಲೆಯೇ ಕೊಡುತ್ತಾರೆ. ಬೆಲೆಯಲ್ಲಿ ಒಮ್ಮತ ಬರದಿದ್ದರೆ ಡಿಸ್ಟ್ರಿಕ್ಟ್ ವ್ಯಾಲ್ಯುವರ್, ಅಂದರೆ ಬೆಲೆ ಕಟ್ಟುವ ಸರ್ಕಾರಿ ಅಧಿಕಾರಿ, ನಿರ್ಧರಿಸುತ್ತಾರೆ. ಉತ್ತರ ಹೇಳಲು ಅವರಿಗೆ ಎಂಟು ವಾರ ಸಮಯ. ಬೇಡ ಅಂದರೆ, ಅಥವಾ ಸುಮ್ಮನಿದ್ದರೆ, ಒಂದು ವರ್ಷದೊಳಗೆ ನೀವು ಯಾರಿಗಾದರೂ ಮಾರಬಹುದು. ನಮ್ಮ ಕೌನ್ಸಿಲ್‌ನವರು ಎಂಟು ವಾರವನ್ನೂ ಪೂರ್ತಿ ನುಂಗಿ, ಕೊನೆಯ ದಿನ ಎರಡು ಸಾಲಿನ ಕಾಗದದಲ್ಲಿ ಬೇಡ ಅಂದರು. ಅಷ್ಟರಲ್ಲಿ ಗಿರಾಕಿ ಬೇರೆ ಮನೆ ನೋಡಿಕೊಂಡಾಗಿತ್ತು. ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. "ಆತುರಗಾರನಿಗೆ ಬುದ್ಧಿ ಮಟ್ಟ, ಬಿಡಮ್ಮ" ಅಂದರು ಅತ್ತೆ.

ಆದರೆ ಆ ತಡದಿಂದಲೇ ನಾವು ಬದುಕಿಕೊಂಡೆವು. ಜುಲೈ ದಾಟಿತು, ಎರಡು ವರ್ಷ ತುಂಬಿತು, 80 ಹೋಗಿ 60 ಆಯಿತು. ಡಿಸೆಂಬರ್‌ನಲ್ಲಿ ಇನ್ನೊಬ್ಬರಿಗೆ ಅದೇ 1,90,000ಕ್ಕೆ ಮಾರಿದೆವು.

ಈಗ ಲೆಕ್ಕಕ್ಕೆ ಬನ್ನಿ, ಎಲ್ಲರೂ ಎಡವುವುದು ಇಲ್ಲೇ. 67,500ರ ಶೇ. 60 ಅಂದರೆ 40,500 ಕೊಟ್ಟರಾಯಿತು ಅಂತ ನಮ್ಮನೆಯವರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು. ತಪ್ಪು. ಕಾನೂನು ನೋಡುವುದು ನಿಮಗೆ ಸಿಕ್ಕ ರಿಯಾಯಿತಿಯ ಮೊತ್ತವನ್ನಲ್ಲ, ಶೇಕಡಾ ಪಾಲನ್ನು. ಕೊಂಡಾಗ ಶೇ. 45 ಬಿಟ್ಟಿದ್ದರೆ, ಮಾರುವಾಗಿನ ಬೆಲೆಯಲ್ಲೂ ಶೇ. 45 ಅವರ ಪಾಲು, ಅದರ ಮೇಲೆ ವರ್ಷದ ಕಡಿತ. 2005ರ ಜನವರಿ 18ರಂದು ಅಥವಾ ಆಮೇಲೆ ಅರ್ಜಿ ಹಾಕಿದವರಿಗೆಲ್ಲ ಇದೇ ನಿಯಮ. ಅದಕ್ಕೂ ಮುಂಚೆ ಮೂರೇ ವರ್ಷದ ಕಟ್ಟುಪಾಡಿತ್ತು, ಲೆಕ್ಕವೂ ಸುಲಭವಿತ್ತು. ಹಳಬರು ಹೇಳುವ ಲೆಕ್ಕವನ್ನು ನಂಬಬೇಡಿ ಅನ್ನುವುದು ಅದಕ್ಕೇ.

ಒಂದು ಸಮಾಧಾನವಿದೆ. ಕೊಂಡ ಮೇಲೆ ನೀವು ಸ್ವಂತ ಖರ್ಚಿನಲ್ಲಿ ಮಾಡಿಸಿದ ಕೆಲಸದಿಂದ ಬೆಲೆ ಏರಿದ್ದರೆ ಆ ಏರಿಕೆಯನ್ನು ಬದಿಗಿಟ್ಟು ಲೆಕ್ಕ ಹಾಕಬೇಕು. ಹಿತ್ತಲ ಕಡೆ ಅಡುಗೆಮನೆ ದೊಡ್ಡದು ಮಾಡಿಸಿದ್ದೆವು. ಖರ್ಚಾದದ್ದು ಜಾಸ್ತಿಯೇ, ಆದರೆ ಅದರಿಂದ ಮನೆಗೆ ಏರಿದ ಬೆಲೆ 10,000 ಅಂತ ಒಪ್ಪಿದರು. ಅವರು ಗಮನಿಸುವುದು ಖರ್ಚಿನ ರಸೀದಿಯನ್ನಲ್ಲ, ಏರಿದ ಬೆಲೆಯನ್ನು. ಆದರೂ ರಸೀದಿ, ಫೋಟೋ ಇಲ್ಲದೆ ವಾದ ನಿಲ್ಲುವುದಿಲ್ಲ. ಉಳಿದ 1,80,000ದ ಶೇ. 45 ಅಂದರೆ 81,000, ಅದರ ಶೇ. 60 ಅಂದರೆ 48,600. ಅಷ್ಟು ಕೊಟ್ಟೆವು. ಜುಲೈಗೆ ಮುಂಚೆ ಮಾರಿದ್ದರೆ 64,800 ಆಗುತ್ತಿತ್ತು. ನಾನು ಬೈದ ಎಂಟು ವಾರದಿಂದ ಉಳಿದದ್ದು 16,200 ಪೌಂಡ್.

ನಿಮ್ಮ ಲೆಕ್ಕಕ್ಕೆ, ಕೊಂಡಾಗ ಸಿಕ್ಕ ರಿಯಾಯಿತಿಯನ್ನು ಆಗಿನ ಮಾರುಕಟ್ಟೆ ಬೆಲೆಯಿಂದ ಭಾಗಿಸಿ, ಆ ಪಾಲನ್ನು ಈಗಿನ ಬೆಲೆಗೆ ಹಾಕಿ. ರಿಯಾಯಿತಿಗೆ ಗರಿಷ್ಠ ಮಿತಿ ಇರುವುದರಿಂದ ವರ್ಷಗಳ ಪ್ರಕಾರ ಬರಬೇಕಾದ ಶೇಕಡಾವಾರಿಗಿಂತ ನಿಮ್ಮ ನಿಜವಾದ ಪಾಲು ಕಡಿಮೆ ಇರಬಹುದು. 2024ರ ನವೆಂಬರ್ 21ರಿಂದ ಆ ಮಿತಿಯನ್ನು ಸರ್ಕಾರ ಬಹಳವೇ ಇಳಿಸಿತು. ಲಂಡನ್ನಿನಲ್ಲಿ 1,36,400, ಉಳಿದೆಡೆ 1,02,400 ಇದ್ದದ್ದು, ಪ್ರದೇಶದ ಮೇಲೆ 16,000ದಿಂದ 38,000ಕ್ಕೆ ಬಂತು. ಅದಕ್ಕೂ ಮುಂಚೆ ಅರ್ಜಿ ಹಾಕಿ ದೊಡ್ಡ ರಿಯಾಯಿತಿ ಪಡೆದವರು ನೀವಾಗಿದ್ದರೆ ಹಿಂದಿರುಗಿಸುವುದೂ ದೊಡ್ಡದೇ. (ಸ್ಕಾಟ್ಲೆಂಡಿನಲ್ಲಿ 2016ರಲ್ಲಿ, ವೇಲ್ಸ್‌ನಲ್ಲಿ 2019ರಲ್ಲಿ ಈ ಯೋಜನೆಯೇ ನಿಂತಿತು. ನಾನು ಹೇಳುತ್ತಿರುವುದೆಲ್ಲ ಇಂಗ್ಲೆಂಡಿನ ಮಾತು.)

ಎರಡು ವರ್ಷ ಯಾವತ್ತಿನಿಂದ ಅಂತ ಗೊಂದಲ ಬೇಡ. ಅರ್ಜಿ ಹಾಕಿದ ದಿನದಿಂದಲ್ಲ, ಮನೆ ನಿಮ್ಮ ಹೆಸರಿಗೆ ಆದ ದಿನದಿಂದ. ಮಾರುವಾಗಲೂ ಬೋರ್ಡ್ ನೆಟ್ಟ ದಿನ ಮುಖ್ಯವಲ್ಲ, ಮನೆ ಕೈಬದಲಾಗುವ ದಿನ ಮುಖ್ಯ. ಆದ್ದರಿಂದ ಕೌನ್ಸಿಲ್‌ಗೆ ಈಗಲೇ ಬರೆದುಬಿಡಿ, ಆ ಎಂಟು ವಾರ ಹೇಗೂ ನಿಮ್ಮ ಕಾಯುವ ಕಾಲದೊಳಗೇ ಕಳೆದುಹೋಗುತ್ತದೆ. ಮಾರ್ಗೇಜ್ ಕಾಗದವನ್ನೂ ಒಮ್ಮೆ ತೆಗೆದು ನೋಡಿ. ಎರಡು ವರ್ಷದ ಫಿಕ್ಸೆಡ್ ರೇಟ್ ಇದ್ದರೆ, ಅದು ಮುಗಿಯುವ ಮುಂಚೆ ಸಾಲ ತೀರಿಸಿದ್ದಕ್ಕೆ ಬ್ಯಾಂಕಿನವರು ಬೇರೆ ದಂಡ ಹಾಕುತ್ತಾರೆ.

ತಪ್ಪಿಸಿಕೊಳ್ಳುವ ದಾರಿ ಕೇಳಿದ್ದೀರಿ. ನಮ್ಮೂರಲ್ಲಿ ಜಿಪಿಎ ಬರೆಸಿಕೊಂಡು, ದುಡ್ಡು ಎಣಿಸಿಕೊಂಡು, ರಿಜಿಸ್ಟ್ರೇಷನ್ ಆಮೇಲೆ ಅನ್ನುತ್ತಾರಲ್ಲ, ಅದರ ತಮ್ಮನಂಥದ್ದು ಇಲ್ಲೂ ಇತ್ತು. ಬಾಡಿಗೆದಾರನಿಗೆ ಮುಂಗಡ ಕೊಟ್ಟು ಮನೆ ಕೊಳ್ಳಿಸಿ, ಮೂರು ವರ್ಷ ಆದ ಮೇಲೆ ನಮಗೇ ಮಾರು ಅಂತ ಒಪ್ಪಂದ ಬರೆಸಿಕೊಳ್ಳುವ ಕಂಪನಿಗಳಿದ್ದವು. 2004ರ ಹೌಸಿಂಗ್ ಕಾಯ್ದೆ ಬಂದು ಆ ಬಾಗಿಲು ಮುಚ್ಚಿತು. ಅಂಥ ಒಪ್ಪಂದವನ್ನೇ ಮಾರಾಟ ಅಂತ ಎಣಿಸಿ ಹಣ ಕೇಳುತ್ತಾರೆ. ಗುಟ್ಟಾಗಿ ಮಾರುವುದೂ ಆಗದ ಮಾತು. ನಮ್ಮ ಇಸಿಯಲ್ಲಿ ಬ್ಯಾಂಕ್ ಸಾಲ ಕಾಣುವ ಹಾಗೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಕೌನ್ಸಿಲ್‌ನ ಹಕ್ಕು ದಾಖಲಾಗಿರುತ್ತದೆ, ಅದು ತೀರದೆ ಕೊಳ್ಳುವವರ ಸಾಲಿಸಿಟರ್ ಒಂದು ಪೆನ್ನಿಯನ್ನೂ ಬಿಡುವುದಿಲ್ಲ.

ಹಣ ಕೊಡಬೇಕಿಲ್ಲದ ಕೆಲವು ಸಂದರ್ಭಗಳು ಕಾನೂನಿನಲ್ಲೇ ಇವೆ: ಗಂಡ ಹೆಂಡತಿ ನಡುವಿನ ವರ್ಗಾವಣೆ, ವಿಚ್ಛೇದನದಲ್ಲಿ ಕೋರ್ಟಿನ ಆದೇಶ, ಉಯಿಲಿನಿಂದ ಬಂದದ್ದು ಇತ್ಯಾದಿ. ನಿಮ್ಮದು ಅದಾವುದೂ ಅಲ್ಲ. ನಿಜವಾದ ಕಷ್ಟವಿದ್ದರೆ ಕಡಿಮೆ ಕೇಳುವ ಅಧಿಕಾರವೂ ಕೌನ್ಸಿಲ್‌ಗಿದೆ. ಅತ್ತೆಯ ಮಂಡಿಯ ವಿಷಯ ಬರೆದು ಡಾಕ್ಟರ ಪತ್ರ ಲಗತ್ತಿಸಿದ್ದೆವು, ನಮಗಂತೂ ಒಂದು ಪೌಂಡೂ ಬಿಡಲಿಲ್ಲ. ನೀವು ಬರೆದು ನೋಡಿ, ಕಳೆದುಕೊಳ್ಳುವುದೇನಿದೆ?

ಇನ್ನೊಂದು ದಾರಿ, ಮಾರದೆ ಬಾಡಿಗೆಗೆ ಕೊಟ್ಟು ಹೋಗುವುದು. ಮಾಮೂಲಿ ಬಾಡಿಗೆ ಮಾರಾಟವಲ್ಲ, ಅದಕ್ಕೆ ರಿಯಾಯಿತಿ ವಾಪಸ್ ಕೇಳುವುದಿಲ್ಲ. ವಾಸಕ್ಕೆಂದು ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ ಮಾತ್ರ ಬೇಕೇ ಬೇಕು. ಹೊಸ ಊರಿನಲ್ಲಿ ತಕ್ಷಣ ಮನೆ ಕೊಳ್ಳಲು ಈ ದುಡ್ಡೇ ಗತಿ ಅಂತಿಲ್ಲದಿದ್ದರೆ ನಾನಾದರೆ ಇನ್ನು ಮೂರು ವರ್ಷ ಹಾಗೇ ಮಾಡುತ್ತಿದ್ದೆ.

ನಿಮ್ಮದು ಮನೆಯೋ ಫ್ಲಾಟೋ ಬರೆದಿಲ್ಲ. ಫ್ಲಾಟಾದರೆ ಆ ಮೂರು ವರ್ಷ ಕಾಯುವ ಮಾತಿನಲ್ಲಿ ಒಂದು ಮುಳ್ಳಿದೆ. ಕೊಳ್ಳುವಾಗ ಕೌನ್ಸಿಲ್ ಕಳಿಸಿದ ಸೆಕ್ಷನ್ 125 ನೋಟಿಸ್ ಹುಡುಕಿ. ಛಾವಣಿ, ಲಿಫ್ಟ್, ಕಿಟಕಿಯಂಥ ದೊಡ್ಡ ರಿಪೇರಿಗೆ ಮೊದಲ ಐದು ವರ್ಷದಲ್ಲಿ ನಿಮ್ಮಿಂದ ಎಷ್ಟು ವಸೂಲಿ ಮಾಡಬಹುದು ಅನ್ನುವ ಅಂದಾಜು ಅದರಲ್ಲಿರುತ್ತದೆ, ಬೆಲೆಯೇರಿಕೆ ಸೇರಿಸಿ ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಐದು ವರ್ಷ ಮುಗಿದ ಮೇಲೆ ಆ ರಕ್ಷಣೆ ಇಲ್ಲ. ರಿಯಾಯಿತಿಯ ಋಣ ತೀರುವ ಹೊತ್ತಿಗೇ ರಿಪೇರಿ ಬಿಲ್ಲಿನ ಬಾಗಿಲು ತೆರೆಯುತ್ತದೆ. ಕಟ್ಟಡಕ್ಕೆ ಮುಂದೆ ಯಾವ ಕೆಲಸ ಹಾಕಿಕೊಂಡಿದ್ದಾರೆ ಅಂತ ಫ್ಲಾಟ್ ಕೊಂಡವರ ವ್ಯವಹಾರ ನೋಡುವ ಕೌನ್ಸಿಲ್‌ನ ಲೀಸ್‌ಹೋಲ್ಡ್ ವಿಭಾಗಕ್ಕೆ ಒಂದು ಇಮೇಲ್ ಹಾಕಿ, ಉತ್ತರ ಬಂದ ಮೇಲೆ ಕಾಯುವುದೋ ಮಾರುವುದೋ ನೋಡಿ.